ಒತ್ತಿನ ನೆಲೆಗಳು: ಅಗ್ಗದ ಡ್ರಾಯಿಂಗ್ ಟ್ಯಾಬ್ಲೆಟ್‌ನ ಒಂದು ತಾತ್ವಿಕ ಅನುಸಂಧಾನ

ಪ್ರಸ್ತುತ ಪ್ರಬಂಧವು ಡ್ರಾಯಿಂಗ್ ಟ್ಯಾಬ್ಲೆಟ್ ಎಂಬ ಕಪ್ಪು ಹಲಗೆಯನ್ನು ‘ಒತ್ತು’ ಎಂಬ ಪರಿಕಲ್ಪನೆಗೆ ಮುಖಾಮುಖಿಯಾಗಿಸುವ, ಮುಖಾಮುಖಿಯಾದ ಮೇಲೆ ಅದರ ಬಹುಮುಖೀ ಆಯಾಮಗಳನ್ನು ಶೋಧಿಸುವ, ಶೋಧಿಸಿದ ಮೇಲೆ ಸಂಭಾವನೆ ಪಡೆಯುವ ಉದ್ದೇಶ ಹೊಂದಿದೆ. ಈ ಕ್ಷೇತ್ರದಲ್ಲಿ ಪೂರ್ವಸೂರಿಗಳು ಸಿಗದ ಕಾರಣ ಅವರ ಮಿತಿಗಳನ್ನು ಎತ್ತಿ ತೋರಿಸುವ ಅಧ್ಯಾಯವನ್ನು ವಿಷಾದದಿಂದ ಕೈಬಿಡಲಾಗಿದೆ.

ಒತ್ತು ಐದು ವಿಧ.

ಮೊದಲನೆಯದು ಕಿಸೆಯೊತ್ತು. ಇದು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ತೀವ್ರವಾಗಿ ಅನುಭವಕ್ಕೆ ಬರುತ್ತದೆ. ಸಂಶೋಧಕನ ಬಳಿ ಇದ್ದದ್ದು ಮೂರು ಸಾವಿರ ರೂಪಾಯಿ. ಪರದೆಯಿರುವ ಟ್ಯಾಬ್ಲೆಟ್ ತೋರಿಸಿ ಎಂದಾಗ ಅಂಗಡಿಯವರು ಮೊದಲು ಚಪ್ಪಲಿ ನೋಡಿ, ಆಮೇಲೆ ಮುಖ ನೋಡಿ, “ಪರದೆ ಇಲ್ಲದ್ದೇ ತಗೊಳಿ ಸಾರ್, ಇದರಲ್ಲಿ 8192 ಪ್ರೆಶರ್ ಇದೆ” ಎಂದರು. ಪಕ್ಕದ ಡಬ್ಬಿಯ ಮೇಲೆ 16384 ಎಂದಿತ್ತು. ಮೊದಲನೆಯದು ಎರಡರ ಹದಿಮೂರನೆಯ ಘಾತ, ಇನ್ನೊಂದು ಹದಿನಾಲ್ಕನೆಯದು. ಘಾತ ಎಂಬ ಶಬ್ದದ ಬೇರೆ ಅರ್ಥ ಬೆಲೆ ಕೇಳಿದ ಮೇಲೆ ತಿಳಿಯಿತು.

ಎರಡನೆಯದು ಕೈಯೊತ್ತು. ಹಗುರವಾಗಿ ಮುಟ್ಟಿದರೆ ತೆಳುಗೆರೆ, ಅದುಮಿದರೆ ದಪ್ಪಗೆರೆ. 1983ರಲ್ಲಿ ಜಪಾನಿನಲ್ಲಿ ಹುಟ್ಟಿದ ವಾಕಮ್ ಕಂಪನಿಯ ಹಲಗೆಗಳಲ್ಲಿ ಒಳಗಿನ ತಂತಿಸುರುಳಿಗಳೇ ಪೆನ್ನಿಗೆ ಶಕ್ತಿ ಕೊಡುತ್ತವೆ. ಈಗ ಅಗ್ಗದ ಚೀನೀ ಹಲಗೆಗಳ ಪೆನ್ನಿಗೂ ಬ್ಯಾಟರಿ ಬೇಡವಾಗಿದೆ. ಒತ್ತಿನ 2048 ಮಟ್ಟಗಳಿಗೂ 8192 ಮಟ್ಟಗಳಿಗೂ ಇರುವ ‘ಸೂಕ್ಷ್ಮ ಸ್ಥಿತ್ಯಂತರ’ವನ್ನು ನನ್ನ ಕೈಯಂತೂ ಈವರೆಗೆ ಗುರುತಿಸಿಲ್ಲ. ಗುರುತಿಸಿದ್ದು ಒಂದೇ: ಹಳೆಯ ಡ್ರೈವರ್ ಕಿತ್ತುಹಾಕದೆ ಹೊಸದನ್ನು ಹಾಕಿದ ದಿನ ಅಷ್ಟೂ ಮಟ್ಟಗಳು ಐಕ್ಯವಾಗಿ, ಎಷ್ಟು ಅದುಮಿದರೂ ಒಂದೇ ದಪ್ಪದ ಗೆರೆ. ಅದ್ವೈತ.

ಮೂರನೆಯದು ಅನುಪಾತದೊತ್ತು. ದುಂಡಗೆ ಇಡ್ಲಿ ಬರೆದೆ. ಪರದೆಯ ಮೇಲೆ ಬಂದದ್ದು ಯಾರೋ ಕೂತೆದ್ದ ಇಡ್ಲಿ. ಹಲಗೆ 6×4 ಇಂಚು, ಪರದೆ 16:9. ಸೆಟ್ಟಿಂಗಿನಲ್ಲಿ ಹಲಗೆಯ ಎತ್ತರವನ್ನು ಸುಮಾರು 3.4 ಇಂಚಿಗೆ ಇಳಿಸಿದ ಮೇಲೆ ಇಡ್ಲಿ ದುಂಡಗಾಯಿತು, ದುಡ್ಡು ಕೊಟ್ಟ ಜಾಗದಲ್ಲಿ ಅರ್ಧ ಇಂಚಿಗೂ ಮಿಕ್ಕಿ ಬೀಳುಬಿತ್ತು.

ನಾಲ್ಕು ಮತ್ತು ಐದನೆಯ ಒತ್ತುಗಳು ಸಾರಲೇಖ ಬರೆಯುವಾಗ ಇದ್ದವು. ಈಗ ಹೊಳೆಯುತ್ತಿಲ್ಲ. ಹೋಗಲಿ ಬಿಡಿ.

ಇನ್ನೊಂದು ಒತ್ತಿದೆ, ಅದನ್ನು ಯಾವ ವಿಧದಲ್ಲೂ ಸೇರಿಸಲು ನನಗೆ ಮನಸ್ಸಿಲ್ಲ. ಮಕ್ಕಳ ಚಿತ್ರಕತೆಯ ಪುಟವೊಂದನ್ನು ಬರೆದು ಮುಗಿಸಿ, ಹುಡುಗಿಯ ಬಾಯಿಯ ಪಕ್ಕದ ಬಲೂನಿನಲ್ಲಿ ‘ಅಮ್ಮ, ಬೆಕ್ಕು!’ ಎಂದು ಟೈಪ್ ಮಾಡಿದೆ. ಮೂಡಿದ್ದು ‘ಅಮ್‌ಮ, ಬೆಕ್‌ಕು!’ ಚಿತ್ರ ಬರೆಯುವ ತಂತ್ರಾಂಶದಲ್ಲಿ, ಅಕ್ಷರದ ಆಯ್ಕೆಗಳೊಳಗೆ ಎಲ್ಲೋ ಮೂಲೆಯಲ್ಲಿ ದಕ್ಷಿಣ ಏಷ್ಯಾದ ಲಿಪಿಗಳಿಗೆಂದು ಒಂದು ಗುಂಡಿ ಇರುತ್ತದಂತೆ, ಅದನ್ನು ಹುಡುಕಿ ಒತ್ತಬೇಕಂತೆ. ನನ್ನ ಹಳೆಯ ಆವೃತ್ತಿಯಲ್ಲಿ ಅದೂ ಇರಲಿಲ್ಲ. ಪ್ರಕಾಶಕರಿಗೆ ಹೇಳಿದರೆ, “ಓದೋರಿಗೆ ಅರ್ಥ ಆಗುತ್ತಲ್ಲ, ಬಿಡಿ” ಎಂದರು.

ಅರ್ಥ ಆಗುತ್ತದಂತೆ! ಆಗತಾನೇ ಒತ್ತಕ್ಷರ ಕಲಿಯುತ್ತಿರುವ ಮಗುವಿಗೆ? ಗೆರೆಯ ದಪ್ಪಕ್ಕೆ ಎಂಟು ಸಾವಿರ ಮೆಟ್ಟಿಲು ಕಡೆದವರಿಗೆ ಮಕಾರದ ಕೆಳಗೆ ಇನ್ನೊಂದು ಮಕಾರವನ್ನು ಕೂರಿಸಲು ಪುರಸೊತ್ತಾಗಲಿಲ್ಲವೆ? ಬಸ್‌ಸ್ಟ್ಯಾಂಡಿನ ಫ್ಲೆಕ್ಸಿನಲ್ಲಿ, ಲಗ್ನಪತ್ರಿಕೆಯಲ್ಲಿ, ತೀರಿಕೊಂಡವರ ಫೋಟೋದ ಕೆಳಗೆ ಹೀಗೇ ಮುರಿದ ಅಕ್ಷರ ನೋಡಿ ನೋಡಿ ನಮಗೂ ಒಗ್ಗಿಹೋಗಿದೆ. ಒಗ್‌ಗಿಹೋಗಿದೆ.

ಕೊನೆಗೆ ಟೈಪ್ ಮಾಡುವುದನ್ನೇ ಬಿಟ್ಟೆ. ಪುಕ್ಕಟೆ ಸಿಗುವ ಕ್ರಿಟಾ ಎಂಬ ಚಿತ್ರತಂತ್ರಾಂಶ ತೆರೆದು, ಕೈ ನಡುಕ ಕಾಣದಂತೆ ಸ್ಟೆಬಿಲೈಸರ್ ಹಾಕಿಕೊಂಡು, ಬಲೂನುಗಳನ್ನೆಲ್ಲ ಕೈಯಲ್ಲೇ ಬರೆದೆ. ಕಣ್ಣು ಪರದೆಯ ಮೇಲೆ, ಕೈ ಮೇಜಿನ ಮೇಲೆ. ‘ಬೆಕ್ಕು’ವಿನ ಕ ಒತ್ತು ಏಳನೆಯ ಸಲಕ್ಕೆ ಸರಿಯಾಗಿ ಕೂತಿತು, ಇಳಿಯುವಾಗ ತೆಳ್ಳಗೆ, ತಿರುವಿನಲ್ಲಿ ದಪ್ಪಗೆ. ಇಪ್ಪತ್ತನೆಯ ಪುಟದ ಹೊತ್ತಿಗೆ ಪೆನ್ನಿನ ಮೊನೆ ಸವೆದು ಓರೆಯಾಗಿತ್ತು. ಡಬ್ಬಿಯಲ್ಲಿ ಬೇರೆ ಮೊನೆಗಳಿದ್ದವು, ಹಳೆಯದನ್ನು ಕೀಳುವ ಉಂಗುರ ಮಾತ್ರ ಸಿಗಲಿಲ್ಲ. ಹೆಂಡತಿಯ ಹುಬ್ಬಿನ ಚಿಮಟದಿಂದ ಕಿತ್ತೆ.