ಹಲ್ಲಿನ ಬೇರಿಗೆ ಸಿಮೆಂಟು

ಬ್ಯಾಡಗಿ ಕಡೆ ಹಲ್ಲುನೋವಿಗೆ ಕೊನೆಯ ತೀರ್ಪು ಒಂದೇ: ‘ಕಿತ್ತ ಒಗಸ್ರಿ.’ ಲವಂಗ, ಉಪ್ಪುನೀರು ಇವೆಲ್ಲ ತೀರ್ಪಿಗೆ ಮುಂಚಿನ ವಾಯಿದೆಗಳು. ಹೀಗಿರುವಾಗ ಒಬ್ಬ ಮನುಷ್ಯ ರೂಟ್ ಕೆನಾಲ್ ಮಾಡಿಸಿ, ಕ್ಯಾಪ್ ಹಾಕಿಸಿ, ಅದೂ ಕೈಕೊಟ್ಟ ಮೇಲೆ ಅದೇ ಹಲ್ಲಿಗೆ ಮತ್ತೊಂದು ಆಪರೇಷನ್ನಿಗೆ ಹೊರಟರೆ ಊರು ಸುಮ್ಮನಿದ್ದೀತೆ? ಔಷಧದಂಗಡಿಯವರಿಂದ ಹಿಡಿದು ಕಂಡಕ್ಟರವರೆಗೆ ಎಲ್ಲರೂ ನನಗೆ ಬುದ್ಧಿ ಹೇಳಿದರು.

ಹಲ್ಲು ಮೇಲ್ಸಾಲಿನ ಮುಂದಿನದು. ನೋವೇನೂ ಇರಲಿಲ್ಲ; ಒಸಡಿನ ಮೇಲೆ ಸಣ್ಣ ಗುಳ್ಳೆ ಏಳುವುದು, ಒಡೆಯುವುದು, ಮತ್ತೆ ಏಳುವುದು. ರಾಣೇಬೆನ್ನೂರಿನ ಡಾಕ್ಟರು ಎಕ್ಸ್‌ರೇಯಲ್ಲಿ ಬೇರಿನ ತುದಿಗೆ ಅಂಟಿಕೊಂಡ ಕಪ್ಪು ನೆರಳು ತೋರಿಸಿದರು. ಬೇರಿನೊಳಗಿನ ನಾಳ ತುದಿಯವರೆಗೂ ನೆಟ್ಟಗೆ ಹೋಗುವುದಿಲ್ಲವಂತೆ. ಕೊನೆಯ 3 ಮಿಲಿಮೀಟರಿನಲ್ಲಿ ಕವಲೊಡೆಯುವುದೇ ಹೆಚ್ಚು. ಕಾಲುವೆಯ ನೀರು ಟೇಲ್ ಎಂಡ್ ರೈತನ ಹೊಲ ಮುಟ್ಟದಂತೆ, ಸ್ವಚ್ಛ ಮಾಡುವ ಸೂಜಿ ಆ ಕವಲುಗಳನ್ನು ಮುಟ್ಟಿರಲಿಲ್ಲ. ಕ್ಯಾಪ್ ಬಿಚ್ಚಿ ಮತ್ತೆ ಒಳಗಿಳಿಯೋಣವೆಂದರೆ ಒಳಗೆ ಕೂರಿಸಿದ ಕಂಬಿ ಕೀಳುವಾಗ ಬೇರೇ ಸೀಳೀತೆಂಬ ಭಯ. ಉಳಿದದ್ದು ಹಿತ್ತಲ ಬಾಗಿಲು: ಒಸಡು ಬಿಡಿಸಿ, ಎಲುಬಿಗೆ ಕಿಂಡಿ ಕೊರೆದು, ಆ 3 ಮಿಲಿಮೀಟರನ್ನೇ ಕತ್ತರಿಸಿ, ತುದಿಯ ಕಡೆಯಿಂದ ಬಿರಡೆ ಹಾಕುವುದು. ಇದರ ಹೆಸರು ಎಪಿಕೋಯೆಕ್ಟಮಿ. ಅದನ್ನು ಸರಿಯಾಗಿ ಉಚ್ಚರಿಸಲು ಕಲಿಯುವಷ್ಟರಲ್ಲಿ ಇಂಜೆಕ್ಷನ್ ಹತ್ತಿ ಮೇಲ್ತುಟಿ ಸ್ವಾಧೀನ ತಪ್ಪಿತ್ತು.

ನೋವಾಗಲಿಲ್ಲ, ನಿಜ. ಆದರೆ ಕೊರೆಯುವ ಸದ್ದು ಕಿವಿಯಿಂದ ಬರುವುದಿಲ್ಲ, ತಲೆಬುರುಡೆಯೊಳಗೇ ಹುಟ್ಟುತ್ತದೆ. ನರ್ಸ್ ಎರಡು ಬೆರಳಲ್ಲಿ ನನ್ನ ತುಟಿ ಎತ್ತಿ ಹಿಡಿದು, ಡಾಕ್ಟರ ಜೊತೆ ಶೇಂಗಾ ಎಣ್ಣೆಯ ರೇಟು ಮಾತಾಡುತ್ತಿದ್ದಳು. ನನಗೂ ಅಭಿಪ್ರಾಯವಿತ್ತು, ಹೇಳುವ ಸ್ಥಿತಿ ಇರಲಿಲ್ಲ. ನಡುವೆ ಡಾಕ್ಟರು ಚಿಮಟದಲ್ಲಿ ಒಂದು ಚೂರು ಹಿಡಿದು ‘ನೋಡ್ರಿ’ ಎಂದರು. ಹಳದಿ ಬಣ್ಣದ, ಕೆಳಗೆ ರಕ್ತ ಅಂಟಿದ ಅರ್ಧ ಅಕ್ಕಿಕಾಳಿನಷ್ಟು ಬೇರು. ಇಷ್ಟು ವರ್ಷ ಜೊತೆಗಿದ್ದೂ ಒಮ್ಮೆಯೂ ಮುಖ ತೋರಿಸಿರದ ಆಸಾಮಿ.

ಬಿರಡೆಗೆ ಹಾಕಿದ್ದು ಎಂಟಿಎ ಎಂಬ ಪುಡಿ. 1990ರ ದಶಕದಲ್ಲಿ ಅಮೆರಿಕದ ಲೋಮಾ ಲಿಂಡಾ ವಿಶ್ವವಿದ್ಯಾಲಯದಲ್ಲಿ ಮಹಮೂದ್ ತೊರಾಬಿನೆಜಾದ್ ರೂಪಿಸಿದ್ದು. ಮೂಲ ನೋಡಿದರೆ ಮನೆ ಕಟ್ಟುವ ಪೋರ್ಟ್‌ಲ್ಯಾಂಡ್ ಸಿಮೆಂಟೇ; ಎಕ್ಸ್‌ರೇಯಲ್ಲಿ ಕಾಣಲೆಂದು ಬಿಸ್ಮತ್ ಆಕ್ಸೈಡ್ ಬೆರೆಸಿರುತ್ತಾರೆ. ಒದ್ದೆಯಲ್ಲೇ ಗಟ್ಟಿಯಾಗುವುದು ಅದರ ಗುಣ. ನಮ್ಮ ಓಣಿಯ ಗೌಂಡಿಗೆ ಇದನ್ನು ಹೇಳಬಾರದಿತ್ತು. ‘ಯಾವ ಗ್ರೇಡ್ರಿ? ನಲವತ್ಮೂರೋ, ಐವತ್ಮೂರೋ?’ ಎಂದ. ‘ಉಸುಕು ಎಷ್ಟು ಹಾಕಿದ್ರು?’ ಎಂದೂ ಕೇಳಿದ.

ಡಾಕ್ಟರು ಕೊಟ್ಟ ನಿಷೇಧಗಳಲ್ಲಿ ಖಡಕ್ ರೊಟ್ಟಿ, ಖಾರ ಮೊದಲಿಗೆ ಬಂದವು. ‘ಬ್ಯಾಡಗಿ ಮೆಣಸಿನಕಾಯಿ ಖಾರ ಕಡಿಮಿ ಇರತೈತ್ರಿ, ಬಣ್ಣ ಅಷ್ಟ’ ಎಂದು ವಾದಿಸಿದೆ. ಲಿಪ್‌ಸ್ಟಿಕ್ಕಿಗೂ ಹೋಗುವ ಬಣ್ಣ, 2011ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ ಕಾಯಿ! ‘ಮಾನ್ಯತೆ ಹೊಲಿಗಿಗೆ ಗೊತ್ತಿರೂದಿಲ್ರಿ’ ಎಂದರು. ಊರಿಗೆ ಇಳಿದದ್ದು ಸೋಮವಾರ, ಮೆಣಸಿನಕಾಯಿ ಪೇಟೆಯ ದಿನ. ಸುಗ್ಗಿಯಲ್ಲಿ ಆ ಘಾಟಿಗೆ ಸೀನದವನು ಬ್ಯಾಡಗಿಯವನೇ ಅಲ್ಲ. ಮೇಲ್ತುಟಿಯನ್ನು ಅಂಗೈಯಿಂದ ಒತ್ತಿಕೊಂಡು, ದೊಡ್ಡವರ ಮುಂದೆ ನಗು ತಡೆಯುವ ಹುಡುಗನ ಭಂಗಿಯಲ್ಲಿ ಮನೆ ಸೇರಿದೆ.

ಇನ್ನೊಂದು ನಿಷೇಧವೇ ಕಷ್ಟದ್ದು: ತುಟಿ ಎತ್ತಿ ಯಾರಿಗೂ ತೋರಿಸಬಾರದು, ಹೊಲಿಗೆ ಹರಿಯುತ್ತದೆ. ಬಂದವರೆಲ್ಲ ‘ಸ್ವಲ್ಪ ತೋರಸ್ರಿ ನೋಡೂಣು’ ಎನ್ನುವವರೇ. ತೋರಿಸದಿದ್ದಾಗ ಆಪರೇಷನ್ ಆದದ್ದೇ ಸುಳ್ಳೆಂಬ ಗುಮಾನಿಯಲ್ಲಿ ಚಹಾ ಕುಡಿದು ಎದ್ದರು.

ಹೊಲಿಗೆ ಬಿಚ್ಚುವ ಮೊದಲೇ ಹಾವೇರಿಯಲ್ಲಿ ಹೆಂಡತಿಯ ಅಣ್ಣನ ಮಗಳ ನಿಶ್ಚಿತಾರ್ಥ ಬಂತು. ಪ್ರಧಾನಿಗಳ ಕೊರಳಿಗೂ ಬಿದ್ದಿರುವ ಹಾವೇರಿಯ ಏಲಕ್ಕಿ ಹಾರವನ್ನು ಹಿರಿಯರೆಂದು ನನಗೂ ಹಾಕಿದರು. ಫೋಟೊದವನು ‘ನಗ್ರಿ ಮಾಮಾ’ ಎಂದ. ನಕ್ಕರೆ ಹೊಲಿಗೆ ಎಳೆಯುತ್ತದೆ. ಊದಿದ ತುಟಿ ಬಿಗಿದು ಹಾಗೇ ನಿಂತೆ. ಮರುದಿನ ಫೋಟೊ ನೋಡಿದ ಬೀಗರಿಂದ ಫೋನು ಬಂತು, ಕಳವಳದ್ದು: ‘ಬ್ಯಾಡಗಿ ಮಾಮಾರಿಗೆ ಈ ಸಂಬಂಧ ಮನಸ್ಸಿಗೆ ಬಂದಿಲ್ಲೇನ್ರಿ?’

‘ಬಂದೈತ್ರಿ’ ಎಂದಳು ಹೆಂಡತಿ. ‘ಅವರಿಗೆ ಸಿಮೆಂಟ್ ಹಾಕ್ಯಾರ.’