ಮೋರಿಗೆ ಎಷ್ಟು ಮಾರ್ಕ್ಸು?

ಕಗ್ಗದಾಸಪುರದಲ್ಲಿ ಸಂಜೆಯಾದರೆ ಎರಡು ಮುಚ್ಚುತ್ತವೆ: ರೈಲಿಗಾಗಿ ಗೇಟು, ಸೊಳ್ಳೆಗಾಗಿ ಕಿಟಕಿ. ಕಾಂಪೌಂಡಿನ ಆಚೆ ನಿಂತು ಬ್ಯಾಟು ಬೀಸುತ್ತಿದ್ದ ಪಕ್ಕದ ಮನೆ ರಾಯರು ಗುಡುಗಿದರು: “ರಾಜಕಾಲುವೆ ತುಂಬಾ ಹುಳ ಕಣ್ರೀ! ಒಂದೂ ಉಳೀದ ಹಾಗೆ ಔಷಧಿ ಹೊಡೆಸಬೇಕು.”

“ಅಲ್ಲಿ ಹುಳ ಸಾಲದು ರಾಯರೇ, ಅದೇ ತೊಂದರೆ” ಅಂದೆ.

ಬ್ಯಾಟು ನಿಂತಿತು. ಇನ್ನು ವಿವರಿಸದೆ ವಿಧಿಯಿಲ್ಲ.

“ಕೊಡಗಿನ ಕಾಡಿನ ಒಂದು ಸಣ್ಣ ಹಳ್ಳ ತಗೊಳ್ಳಿ. ದಾಟಿದರೆ ನಾಲ್ಕು ಹೆಜ್ಜೆ. ನೀರಿನ ಮೇಲೆ ಉದ್ದ ಕಾಲಿನ ಹುಳ ಮುಳುಗದೆ ಓಡಾಡ್ತಿರುತ್ತೆ. ಕಲ್ಲಿನಡಿಗೆ ಮೇಫ್ಲೈ ಮರಿ, ಹೊಟ್ಟೆಯ ಪಕ್ಕದಲ್ಲೇ ಅದರ ಕಿವಿರು. ದೊಡ್ಡದಾಗಿ ರೆಕ್ಕೆ ಬಂದ ಮೇಲೆ ಊಟವೇ ಇಲ್ಲ. ಕೆಲವೇ ಗಂಟೆ, ಹೆಚ್ಚೆಂದರೆ ಒಂದೆರಡು ದಿನದಲ್ಲಿ ಮದುವೆ, ಮೊಟ್ಟೆ, ಸಾವು ಎಲ್ಲಾ ಮುಗೀತು. ಪಕ್ಕದಲ್ಲೇ ಕ್ಯಾಡಿಸ್‌ಫ್ಲೈ ಮರಿ. ಬಾಯಿಂದ ರೇಷ್ಮೆ ಎಳೆ ತೆಗೆದು, ಮರಳು, ಕಡ್ಡಿ ಅಂಟಿಸಿ ಮನೆ ಕಟ್ಟುತ್ತೆ.”

“ಪ್ಲಾನ್ ಸ್ಯಾಂಕ್ಷನ್ ಇಲ್ಲದೇನೇ?”

“ಖಾತೆಯೂ ಇಲ್ಲ. ಇನ್ನು ನಮ್ಮ ಏರೋಪ್ಲೇನ್ ಚಿಟ್ಟೆ ಮರಿ. ಹಿಂಬದಿಯಿಂದ ನೀರು ಎಳೆದುಕೊಂಡು, ರಪ್ಪಂತ ಹಿಂದಕ್ಕೇ ಚಿಮ್ಮಿಸಿ ಮುಂದಕ್ಕೆ ಹಾರುತ್ತೆ.”

ರಾಯರು ದುಡಿದು ನಿವೃತ್ತರಾದದ್ದು ವಿಮಾನದ ಎಂಜಿನ್ ರೂಪಿಸುವ, ಸಿ.ವಿ. ರಾಮನ್ ನಗರದ ಜಿಟಿಆರ್‌ಇಯಲ್ಲಿ. “ಅಂದರೆ ಜೆಟ್ ಎಂಜಿನ್ನು!” ಅಂತ ಗೋಡೆಗೆ ಇನ್ನಷ್ಟು ಒತ್ತಿಕೊಂಡರು.

“ನೀವು ಎಂಜಿನ್ನಿಗೆ ಕಾವೇರಿ ಅಂತ ಹೆಸರಿಟ್ಟಿರಿ. ಇದು ಕಾವೇರಿ ನೀರಲ್ಲೇ ಓಡುತ್ತೆ.”

ಸಣ್ಣ ಹಳ್ಳದಲ್ಲಿ ಇಷ್ಟು ಜಾತಿ ಬಾಳೋದಕ್ಕೆ ಕಾರಣ ಅಲ್ಲಿನ ಠಾವುಗಳು. ಕಲ್ಲಿಗೆ ಬಡಿದು ನೊರೆಯೇಳುವ ನೀರಿಗೆ ಆಮ್ಲಜನಕ ಧಾರಾಳ. ಮಡುವಿನಲ್ಲಿ ನೀರು ನಿಧಾನ. ಮರದಿಂದ ಉದುರಿದ ಎಲೆಯನ್ನು ಒಂದು ಹುಳ ಚೂರು ಮಾಡುತ್ತೆ, ತೇಲಿಹೋದ ಪುಡಿಯನ್ನು ಇನ್ನೊಂದು ಬಲೆ ಕಟ್ಟಿ ಹಿಡಿಯುತ್ತೆ, ಮತ್ತೊಂದು ಕಲ್ಲಿನ ಪಾಚಿ ಕೆರೆದು ತಿನ್ನುತ್ತೆ. ಇವನ್ನೆಲ್ಲ ತಿನ್ನೋಕೆ ಏರೋಪ್ಲೇನ್ ಚಿಟ್ಟೆ ಮರಿ ಕಾದಿರುತ್ತೆ.

“ನಮ್ಮ ಕಾಲುವೆಗೇನು ರೋಗ?”

“ಎರಡೂ ಕಡೆ ಕಾಂಕ್ರೀಟು. ಕಲ್ಲಿಲ್ಲ, ಎಲೆಯಿಲ್ಲ. ಒಳಚರಂಡಿ ನೀರು ಸೇರಿದರೆ ಅದನ್ನು ಕೊಳೆಸೋ ಬ್ಯಾಕ್ಟೀರಿಯಾನೇ ಆಮ್ಲಜನಕ ಖಾಲಿ ಮಾಡುತ್ತೆ. ಕಿವಿರಿನ ಹುಳುಗಳು ಉಸಿರುಗಟ್ಟಿ ಸಾಯ್ತವೆ. ಕ್ಯೂಲೆಕ್ಸ್ ಸೊಳ್ಳೆ ಮರಿಗೆ ಬಾಲದ ಕಡೆ ಒಂದು ಕೊಳವೆ ಇದೆ. ಅದನ್ನು ನೀರಿನ ಮೇಲಕ್ಕೆ ಚಾಚಿ ಗಾಳಿ ಎಳೆಯುತ್ತೆ. ಕೆಸರಿನ ಕೆಂಪು ಹುಳಕ್ಕೆ ನಮ್ಮ ಹಾಗೇ ಹಿಮೋಗ್ಲೋಬಿನ್ ಇದೆ, ಚೂರುಪಾರು ಆಮ್ಲಜನಕವೇ ಸಾಕು. ತಿನ್ನೋರು ಸತ್ತರು, ಸೊಳ್ಳೆ ಉಳೀತು. ಡೆಂಗಿ ಸೊಳ್ಳೆಯದು ಮಾತ್ರ ಬೇರೆ ದಾರಿ. ಅದಕ್ಕೆ ನಿಮ್ಮ ಬಕೆಟ್ಟಿನ ತಿಳಿನೀರೇ ಇಷ್ಟ.”

ರಾಯರು ತಿರುಗಿ ತಮ್ಮ ಬಕೆಟ್ಟಿನ ಕಡೆ ನೋಡಿದರು.

ಹುಳ ನೋಡಿ ನೀರಿಗೆ ಮಾರ್ಕ್ಸು ಹಾಕುವ ಪದ್ಧತಿಯೇ ಇದೆ. ಇಂಗ್ಲೆಂಡಿನವರು 1980ರ ಹೊತ್ತಿಗೆ ಮಾಡಿದ ಪಟ್ಟಿಯಲ್ಲಿ ಮೇಫ್ಲೈ, ಸ್ಟೋನ್‌ಫ್ಲೈಗಳ ಹಲವು ಕುಟುಂಬಗಳಿಗೆ ತಲಾ 10, ಕೆಂಪು ಹುಳದ ಕುಟುಂಬಕ್ಕೆ 2. ನಮ್ಮ ಬೆಂಗಳೂರಿನ ಏಟ್ರೀ ಸಂಸ್ಥೆಯೂ 2007ರಲ್ಲಿ ಕೆ.ಎ. ಸುಬ್ರಮಣಿಯನ್, ಕೆ.ಜಿ. ಶಿವರಾಮಕೃಷ್ಣನ್ ಅವರಿಂದ ಇಂಥದ್ದೇ ಕೈಪಿಡಿ ಬರೆಸಿತು. ಲ್ಯಾಬ್ ಪರೀಕ್ಷೆ ಬಾಟಲಿ ತುಂಬಿದ ಹೊತ್ತಿನ ನೀರನ್ನು ಹೇಳುತ್ತೆ. ತಿಂಗಳುಗಟ್ಟಲೆ ಅಲ್ಲೇ ಬಾಳಿದ ಹುಳ ಅಷ್ಟೂ ತಿಂಗಳ ನೀರನ್ನು ಹೇಳುತ್ತೆ.

“ಹಾಗಾದರೆ ನಮ್ಮ ಮೋರಿ ಫೇಲು” ಅಂತ ರಾಯರು ತೀರ್ಪು ಕೊಟ್ಟರು.

ಫೇಲಾದದ್ದು ಮೋರಿಯಲ್ಲ, ಅದಕ್ಕೆ ಒಳಚರಂಡಿ ಬಿಟ್ಟವರು. ಔಷಧಿ ಹೊಡೆದರೆ ಸೊಳ್ಳೆ ಮತ್ತೆ ಬರುತ್ತೆ. ಕೊಳಚೆ ನಿಲ್ಲಿಸಿದರೆ ಸೊಳ್ಳೆಯನ್ನು ತಿನ್ನೋರು ಬರ್ತಾರೆ. ನೀವು ಊರಿಗೆ ಹೋದಾಗ ಹಳ್ಳದ ಒಂದು ಕಲ್ಲೆತ್ತಿ ನೋಡಿ. ನೋಡಿ ಆದಮೇಲೆ ಹೇಗಿತ್ತೋ ಹಾಗೇ ಇಟ್ಟುಬಿಡಿ, ಅದರಡಿ ಸಂಸಾರಗಳಿವೆ.