ಹಿಡಿಮೀಮಾಂಸೆ: ಗಾಳದ ಕೋಲಿನ ಬುಡಭಾಗದ ಒಂದು ಶಾಸ್ತ್ರೀಯ ವಿವೇಚನೆ

ಶಾಸ್ತ್ರ ಎಂದ ಮೇಲೆ ಮೊದಲು ಲಕ್ಷಣ ಹೇಳಬೇಕು. ಕೈಗೂ ಕೋಲಿಗೂ ನಡುವೆ ಇದ್ದು, ಕೈಯದೂ ಅಲ್ಲದ, ಪೂರ್ತಿ ಕೋಲಿನದೂ ಅಲ್ಲದ, ಯಜಮಾನನಿಗೆ ಎಂದೂ ಸಮಾಧಾನ ಕೊಡದ ದ್ರವ್ಯವೇ ಹಿಡಿ. ಈ ಲಕ್ಷಣ ಕೊಡೆಯ ಹಿಡಿಗೂ ಹೊಂದುತ್ತದಲ್ಲ, ಅತಿವ್ಯಾಪ್ತಿ ದೋಷ ಬಂತಲ್ಲ ಎಂದು ತಾರ್ಕಿಕರು ಹಾರಬಾರದು. ಕೊಡೆಯ ಹಿಡಿ ಸರಿಯಿಲ್ಲವೆಂದು ಯಾರೂ ಭಾನುವಾರವಿಡೀ ಜಗುಲಿಯಲ್ಲಿ ಕೂತು ಅದನ್ನು ಉಜ್ಜುವುದಿಲ್ಲ.

ಪೂರ್ವಪಕ್ಷ: ಅಂಗಡಿಯಿಂದ ತಂದ ಕೋಲಿಗೆ ಹಿಡಿ ಇದ್ದೇ ಇರುತ್ತದೆ, ತಿದ್ದುವುದೇಕೆ? ಸಮಾಧಾನ: ಕಾರ್ಖಾನೆಯವರು ಹಿಡಿ ಮಾಡುವುದು ಸರಾಸರಿ ಕೈಗೆ. ಸರಾಸರಿ ಕೈ ಯಾರ ತೋಳಿನ ತುದಿಯಲ್ಲೂ ಇಲ್ಲ. ಗಿಡ್ಡ ಬೆರಳಿನವನಿಗೆ ಅದು ದಪ್ಪ, ಉದ್ದ ಬೆರಳಿನವನಿಗೆ ಸಣ್ಣ, ಸಂಧಿವಾತದವರಿಗೆ ಶತ್ರು. ಹಿಡಿ ತೀರ ಸಣ್ಣದಾದರೆ ಬೆರಳ ತುದಿಗಳು ಅಂಗೈಯನ್ನೇ ಒತ್ತಿ, ಬಿಗಿಹಿಡಿದು ಹಿಡಿದು, ಹೆಬ್ಬೆರಳ ಬುಡ ನೋಯುತ್ತದೆ. ತೀರ ದಪ್ಪವಾದರೆ ಹಿಡಿತವೇ ಸಿಗದೆ ಮುಂಗೈ ಸೋಲುತ್ತದೆ.

ಎರಡನೆಯ ಆಕ್ಷೇಪ ಇನ್ನೂ ಹರಿತ: ಹಿಡಿ ಹಿತವಾದರೆ ಮೀನು ಹೆಚ್ಚು ಬೀಳುತ್ತದೆಯೇ? ಬೀಳುವುದಿಲ್ಲ. ಈ ಶಾಸ್ತ್ರದ ಪಾವಿತ್ರ್ಯ ಇರುವುದೇ ಅಲ್ಲಿ. ಗಾಳ, ಎರೆಹುಳು, ಬೆಂಡು, ಸೀಸದ ಗುಂಡು, ಎಲ್ಲಕ್ಕೂ ಮೀನಿನ ಮೇಲೆ ಕಣ್ಣು. ಹಿಡಿಗೆ ಮಾತ್ರ ಫಲಾಪೇಕ್ಷೆಯಿಲ್ಲ. ಅಲ್ಲದೆ ಮೀನು ಕಚ್ಚುವುದು ಕ್ಷಣ, ಕೋಲು ಹಿಡಿದು ನಿಲ್ಲುವುದು ಬೆಳಗಿನಿಂದ ಬೈಗಿನವರೆಗೆ. ಕಾಲಪ್ರಮಾಣದಿಂದ ಅಳೆದರೆ ಹಿಡಿಯೇ ಮುಖ್ಯ, ಮೀನು ಪರಿಶಿಷ್ಟ.

ಇನ್ನು ಪಂಥಗಳು. ಕಾರ್ಕ್ ಪಂಥದವರು ಹಳಬರು, ಆದ್ದರಿಂದ ಗರ್ವಿಗಳು. ಅವರ ದ್ರವ್ಯ ಪೋರ್ಚುಗಲ್, ಸ್ಪೇನ್ ಕಡೆ ಬೆಳೆಯುವ ಒಂದು ಜಾತಿಯ ಓಕ್ ಮರದ ತೊಗಟೆ. ಮರಕ್ಕೆ ಸುಮಾರು 25 ವರ್ಷ ತುಂಬುವ ತನಕ ಅದನ್ನು ಸುಲಿಯುವುದಿಲ್ಲ. ಆಮೇಲೂ ಒಂದು ಸುಲಿತಕ್ಕೂ ಇನ್ನೊಂದಕ್ಕೂ ನಡುವೆ 9 ವರ್ಷ ಬಿಡಬೇಕು. ಮೊದಲೆರಡು ಸುಲಿತದ ಮಾಲು ಒರಟು. ನಯವಾದದ್ದು ಬರುವುದು ಮೂರನೆಯದರಿಂದ. ಅಂದರೆ ಒಳ್ಳೆಯ ಹಿಡಿ ಬೇಕಾದರೆ ಮರ ನಲವತ್ತು ದಾಟಿರಬೇಕು. ಗಾಳಗಾರರ ತಾಳ್ಮೆಯನ್ನು ಕೊಂಡಾಡುವವರು ಈ ಮರವನ್ನು ವಿಚಾರಿಸಿಲ್ಲ. 1665ರಲ್ಲಿ ರಾಬರ್ಟ್ ಹುಕ್ ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆದದ್ದು ಇದೇ ಕಾರ್ಕಿನ ತೆಳು ಚೂರಿನ ವಿಷಯ. ಅದರೊಳಗಿನ ಪುಟ್ಟ ಗೂಡುಗಳಿಗೆ ಅವನಿಟ್ಟ ‘ಸೆಲ್’ ಎಂಬ ಹೆಸರೇ ಇವತ್ತಿಗೂ ಜೀವಕೋಶಕ್ಕೆ ಉಳಿದಿದೆ. ಆದ್ದರಿಂದ ಜೀವಶಾಸ್ತ್ರವು ಹಿಡಿಶಾಸ್ತ್ರದ ಉಪಶಾಖೆ ಎಂಬುದು ಕಾರ್ಕ್ ಪಂಥದ ಸಿದ್ಧಾಂತ. ವಿಶ್ವವಿದ್ಯಾನಿಲಯಗಳು ಇನ್ನೂ ಒಪ್ಪಿಲ್ಲ. ಆ ಗೂಡುಗಳಲ್ಲಿ ಗಾಳಿ ಸೆರೆಯಾಗಿರುವುದರಿಂದಲೇ ಕಾರ್ಕ್ ಹಗುರ. ಚಳಿಯ ಬೆಳಗಿನಲ್ಲೂ ಅಂಗೈಗೆ ಕೊರೆಯುವುದಿಲ್ಲ, ಒದ್ದೆಯಾದರೂ ಹಿಡಿತ ಬಿಡುವುದಿಲ್ಲ.

ಕರ್ಮಭಾಗ ಹೀಗೆ. ಅರ್ಧ ಅಂಗುಲ ದಪ್ಪದ ಕಾರ್ಕ್ ಬಿಲ್ಲೆಗಳನ್ನು ದುಂಡು ಅರದಿಂದ ಕೊರೆದು ಕೋಲಿಗೆ ಪೋಣಿಸಬೇಕು. ಕೋಲು ತುದಿಯ ಕಡೆ ಸಣ್ಣಗಾಗುತ್ತ ಹೋಗುವುದರಿಂದ ಪ್ರತಿ ಬಿಲ್ಲೆಯ ತೂತೂ ಬೇರೆ ಅಳತೆ. ಒಂದಕ್ಕೆ ಸರಿಹೋದದ್ದು ಪಕ್ಕದ್ದಕ್ಕೆ ಸಡಿಲ. ಎರಡು ಟ್ಯೂಬಿನ ಅರಾಲ್ಡೈಟ್ ಕಲಸಿ, ಬಿಲ್ಲೆಗೆ ಬಿಲ್ಲೆ ಅಂಟಿಸಿ, ಬಿಗಿದು ರಾತ್ರಿ ಬಿಡಬೇಕು. ಮರುದಿನ ಉಪ್ಪು ಕಾಗದ: ಮೊದಲು 80ನೇ ನಂಬರು, ಆಮೇಲೆ 120, 220, ಕೊನೆಗೆ 400. ಉದುರಿದ ಪುಡಿಯನ್ನು ಎಸೆಯಬಾರದು. ಅದನ್ನು ಮರದ ಗೋಂದಿನಲ್ಲಿ ಕಲಸಿ ಕಾರ್ಕಿನ ಹಳ್ಳಗಳಿಗೆ ಮೆತ್ತಬೇಕು. ನಡುನಡುವೆ ಕಣ್ಣು ಮುಚ್ಚಿ ಹಿಡಿದು ನೋಡುವುದು ವಿಧಿ. ತೋರುಬೆರಳಿಗೆ ಒಂದು ಸಣ್ಣ ತಗ್ಗು, ಅಂಗೈ ಕೂರುವಲ್ಲಿ ಒಂದು ಉಬ್ಬು. ಮೀಸೆಯ ಮೇಲೆ ಕಂದು ಧೂಳು ಕೂತಿರುತ್ತದೆ, ಒಳಗಿನಿಂದ ಊಟಕ್ಕೆ ಮೂರನೇ ಕರೆ ಬಂದಿರುತ್ತದೆ, ಆಗ ಸಾಧಕನಿಗೆ ‘ಇನ್ನೊಂದೇ ಒಂದು ಸಲ ಉಜ್ಜಿಬಿಡೋಣ’ ಎನಿಸುತ್ತದೆ. ಹಿಡಿಗಳು ಹಾಳಾಗುವುದು ಆ ಸಲದಲ್ಲೇ. ಉಜ್ಜಿ ತೆಗೆದ ಕಾರ್ಕನ್ನು ಯಾವ ಮಂತ್ರವೂ ಮರಳಿ ತರದು.

ಫೋಮ್ ಪಂಥ ಅರ್ವಾಚೀನ. ಮಳೆಗಾಲದ ಹಗುರ ಚಪ್ಪಲಿ ಯಾವುದರಿಂದ ಆಗುತ್ತದೋ ಅದೇ ಇವಿಎ ಇವರ ಮೂಲದ್ರವ್ಯ. ಪಾದಕ್ಕೆ ಯೋಗ್ಯವಾದದ್ದು ಹಸ್ತಕ್ಕೆ ಹೇಗೆ ಯೋಗ್ಯವಾದೀತು ಎಂದು ಕಾರ್ಕಿನವರು ಮೂಗು ಮುರಿಯುತ್ತಾರೆ. ಫೋಮಿನ ತೂತು ಕೋಲಿಗಿಂತ ಒಂದಿಷ್ಟು ಕಿರಿದಾಗಿರಬೇಕು, ಸಾಬೂನು ನೀರು ಹಚ್ಚಿ ದೂಡಬೇಕು. ಅರಾಲ್ಡೈಟನ್ನೇ ಹಚ್ಚಿ ದೂಡುವ ಧೀರರಿಗೆ ಮುಹೂರ್ತ ಉಂಟು; ಮೀರಿದರೆ ಹಿಡಿ ಅರ್ಧ ದಾರಿಯಲ್ಲಿ ತ್ರಿಶಂಕುವಾಗಿ ನಿಂತು, ಕೋಲಿನ ನಟ್ಟನಡುವೆ ಒಂದು ಕರಿಯ ಗಂಟು ಶಾಶ್ವತವಾಗುತ್ತದೆ.

ಬಡವರದೂ ಬುದ್ಧಿವಂತರದೂ ಸುತ್ತು ಪಂಥ. ಸೈಕಲ್ ಟ್ಯೂಬಿನ ಪಟ್ಟಿ, ಹತ್ತಿಯ ಹುರಿ, ಬ್ಯಾಡ್ಮಿಂಟನ್ ಗ್ರಿಪ್, ಏನು ಸಿಕ್ಕಿದರೂ ಸುತ್ತು. ದ್ರವ್ಯಸಂಗ್ರಹ ಮನೆಯೊಳಗೇ ಆಗುವುದರಿಂದ ‘ಅಪ್ಪಾ, ನನ್ನ ರಾಕೆಟ್ ಯಾಕೆ ಬೋಳಾಗಿದೆ?’ ಎಂಬ ಪ್ರಶ್ನೆಗೆ ಉತ್ತರ ಮೊದಲೇ ಸಿದ್ಧವಿರಲಿ. ಬಿಸಿಗೆ ಕುಗ್ಗುವ ಪ್ಲಾಸ್ಟಿಕ್ ಕೊಳವೆ ತೊಡಿಸುವವರು ಬೆಂಕಿಕಡ್ಡಿ ಗೀರಬಾರದು, ಕಾಯಿಸಿದ ನೀರು ಹುಯ್ಯಬೇಕು. ಗ್ರಾಫೈಟ್ ಕೋಲಿನ ಎಳೆಗಳನ್ನು ಕಟ್ಟಿಹಿಡಿದಿರುವ ರಾಳಕ್ಕೆ ಬೆಂಕಿ ಆಗದು.

ಉದ್ದದ ವಿಚಾರವನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಅದರಲ್ಲಿ ಜಗಳ ಕಡಿಮೆ. ಕೆರೆಯ ದಂಡೆಯಲ್ಲಿ ಒಂದೇ ಕೈಯಲ್ಲಿ ಎಸೆಯುವವನಿಗೆ ಬುಡ ಮೊಣಕೈ ದಾಟಬಾರದು. ದಾಟಿದರೆ ಪಕ್ಕೆಗೆ ಚುಚ್ಚುತ್ತದೆ, ಲುಂಗಿಗೆ ಸಿಕ್ಕಿಕೊಳ್ಳುತ್ತದೆ. ಮಲ್ಪೆಯಂಥ ಕಡಲ ದಂಡೆಯಲ್ಲಿ ನಿಂತು ಅಲೆಯಾಚೆಗೆ ಎರಡೂ ಕೈ ಹಾಕಿ ಬೀಸುವವನಿಗೆ ಮಾತ್ರ ಉದ್ದ ಬುಡವೇ ಬೇಕು. ಕೈಗಳ ನಡುವೆ ಭುಜದಗಲ ಅಂತರವಿದ್ದರೆ ಬೀಸಿಗೆ ಬಲ. ತುದಿ ಭಾರವೆನಿಸಿದರೆ ಬುಡದೊಳಗೆ ಕಬ್ಬಿಣದ ವಾಷರ್ ತುಂಬಿ ತೂಗಿಸಬಹುದು. ತೂಗುವಾಗ ರೀಲು ಕೋಲಿನಲ್ಲೇ ಇರಲಿ.

ಈಗ ಗ್ರಂಥಸಮೀಕ್ಷೆ. ಕಲ್ಯಾಣದ ಚಾಲುಕ್ಯ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಭಾಗವೇ ಇದೆ. ಅರಸರು ಗಾಳ ಹಾಕುವುದನ್ನು ಅಷ್ಟು ಹಿಂದೆಯೇ ಶಾಸ್ತ್ರಕ್ಕೆ ಸೇರಿಸಿದ ಹೆಮ್ಮೆ ನಮ್ಮ ನೆಲದ್ದು. ಇಂಗ್ಲಿಷರ ಮೊದಲ ಗಾಳದ ಗ್ರಂಥ ಅಚ್ಚಾದದ್ದು 1496ರಲ್ಲಿ. ಅದರಲ್ಲಿ ಕೋಲಿನ ಬುಡಕ್ಕೆ ಒಂದೂವರೆ ಮಾರು ಉದ್ದದ, ತೋಳಿನಷ್ಟು ದಪ್ಪದ ಮರ ಕಡಿಯಬೇಕೆಂದಿದೆ. ಯಾರ ತೋಳು? ಮೂಲದಲ್ಲಿ ಇಲ್ಲ. ಕಮ್ಮಾರನ ತೋಳೋ, ಕರಣಿಕನ ತೋಳೋ ಎಂಬುದರ ಮೇಲೆ ಇಡೀ ಸಿದ್ಧಾಂತ ನಿಂತಿರುವಾಗ ಗ್ರಂಥಕಾರರು ಹೀಗೆ ಕೈಬಿಡಬಾರದಿತ್ತು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಎಚ್. ಎಸ್. ಥಾಮಸ್ 1873ರಲ್ಲಿ ‘ದಿ ರಾಡ್ ಇನ್ ಇಂಡಿಯಾ’ ಪ್ರಕಟಿಸಿದ. ಕಂದಾಯದ ಕಡತಗಳ ನಡುವೆ ಅಷ್ಟು ದೊಡ್ಡ ಪುಸ್ತಕಕ್ಕೆ ಪುರುಸೊತ್ತು ಹೇಗೆ ಸಿಕ್ಕಿತೆಂಬುದು ಆಡಳಿತಶಾಸ್ತ್ರದವರ ಪ್ರಶ್ನೆ, ನಮ್ಮದಲ್ಲ. ಇನ್ನು 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ ಎಳೆದ ಮಹಶೀರ್ 120 ಪೌಂಡ್ ತೂಗಿತು. ಆ ತೂಕವನ್ನು ಗಾಳಗಾರರೆಲ್ಲ ಬಾಯಿಪಾಠ ಹೇಳುತ್ತಾರೆ. ಆವತ್ತು ಅವರ ಅಂಗೈಯಲ್ಲಿದ್ದ ಹಿಡಿ ಎಷ್ಟು ದಪ್ಪವಿತ್ತೆಂದು ಕೇಳಿ ನೋಡಿ; ನಿಮ್ಮನ್ನೇ ವಿಚಿತ್ರವಾಗಿ ನೋಡುತ್ತಾರೆ. ಸುಮಾರು 54 ಕಿಲೋ ಮೀನಿನ ಎಳೆತವನ್ನೆಲ್ಲ ತಡೆದ ವಸ್ತುವಿಗೆ ಚರಿತ್ರೆಯಲ್ಲಿ ಒಂದು ಅಂಕಿಯೂ ಇಲ್ಲ.

ಆ ಮೀನೇ ಈಗ ಕಷ್ಟದಲ್ಲಿದೆ. ಕಾವೇರಿಯ ಗೂನುಬೆನ್ನಿನ ಮಹಶೀರ್ 2018ರಿಂದ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅಳಿವಿನ ಕಟ್ಟಕಡೆಯ ಅಂಚಿಗೆ ಬಂದಿರುವ ಜೀವಿ. ಭೀಮೇಶ್ವರಿ, ಗಾಲಿಬೋರೆಗಳ ಶಿಬಿರಗಳಲ್ಲಿ ಹಿಡಿದು ಬಿಡುವ ಗಾಳಗಾರಿಕೆ ನಿಂತುಹೋಗಿದೆ. ವನ್ಯಜೀವಿಧಾಮದೊಳಗೆ ಗಾಳ ಸಲ್ಲದು. ಅದು ಸರಿಯೇ. ಪರಿಣಾಮವಾಗಿ ದೊಡ್ಡ ದೊಡ್ಡ ಕೋಲುಗಳು ಬೆಂಗಳೂರು, ಮೈಸೂರುಗಳ ಅಟ್ಟ ಸೇರಿವೆ. ನೀರಿಗೆ ಹೋಗದ ಕೋಲಿಗೆ ಮಾಡಬಹುದಾದ ಸೇವೆ ಹಿಡಿ ತಿದ್ದುವುದೊಂದೇ. ಹಿಡಿಶಾಸ್ತ್ರ ಮೀನಿನ ಹಂಗಿಲ್ಲದೆ ಸ್ವತಂತ್ರವಾದದ್ದು ಈ ಘಟ್ಟದಲ್ಲಿ.

ಉಳಿದದ್ದು ಬುಡದ ಟೊಪ್ಪಿ. ನೆಲಕ್ಕೆ ಊರಿ ಊರಿ ಹಿಡಿಯ ತಳ ಸವೆಯದಂತೆ ಒಂದು ರಬ್ಬರ್ ಟೊಪ್ಪಿ ತೊಡಿಸಬೇಕು. ಗಾಳದ ಸಾಮಾನಿನ ಅಂಗಡಿಗಳಲ್ಲಿ ಅದು ಬಿಡಿಯಾಗಿ ಸಿಗುವುದು ಅಪರೂಪ. ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ, ಊರುಗೋಲಿನ ಬುಡಕ್ಕೆ ಹಾಕುವ ರಬ್ಬರು ಎಂದು ಕೇಳಬೇಕು. ಕೌಂಟರಿನ ಹುಡುಗ ಒಮ್ಮೆ ಗಿರಾಕಿಯ ಕಾಲು ನೋಡುತ್ತಾನೆ, ‘ಯಾರಿಗೆ ಸರ್, ಮನೇಲಿ ಹಿರಿಯರಿಗಾ?’ ಎನ್ನುತ್ತಾನೆ. ಹೌದು ಎಂದುಬಿಡುವುದು ಶಿಷ್ಟಾಚಾರ. ಮೀನಿನ ಕಥೆ ತೆಗೆದರೆ ಹಿಂದೆ ಜ್ವರದ ಮಾತ್ರೆಗೆ ನಿಂತವರು ಗದರುತ್ತಾರೆ. ಹುಡುಗ ಡ್ರಾಯರ್ ಎಳೆದು, ಕರಿಯ ಟೊಪ್ಪಿಗಳ ರಾಶಿಯಲ್ಲಿ ಕೈಯಾಡಿಸುತ್ತ, ಸುಮಾರು ಒಂಬೈನೂರು ವರ್ಷಗಳ ಗಾಳಸಾಹಿತ್ಯ ಸರಿಯಾಗಿ ಎತ್ತದೇ ಬಿಟ್ಟ ಪ್ರಶ್ನೆಯನ್ನು ತಲೆಯೆತ್ತದೇ ಕೇಳುತ್ತಾನೆ: ‘ದಪ್ಪ ಎಷ್ಟು ಸರ್? ಹತ್ತೊಂಬತ್ತು ಎಂಎಂ ಇದೆ, ಇಪ್ಪತ್ತೆರಡಿದೆ, ಇಪ್ಪತ್ತೈದಿದೆ.’